ಕ್ರಾಪಿನವನ ಕೊನೆಯ ಹಾಡು

ಜೂನ್ ತಿಂಗಳ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿಟ್ಟ ಕಾರಿನ ಬಾಗಿಲು ತೆಗೆದರೆ ಒಂದು ವಾಸನೆ ಮುಖಕ್ಕೆ ಬಡಿಯುತ್ತದೆ. ಕಾದ ಪ್ಲಾಸ್ಟಿಕ್ಕು, ಸೀಟಿನ ಬಟ್ಟೆ, ಯಾವತ್ತೋ ಚೆಲ್ಲಿದ ಕರಕ್ ಚಹಾ, ಎಲ್ಲ ಸೇರಿ ಬೆಂದ ವಾಸನೆ. ನಾನೀಗ ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಇನ್ಶೂರೆನ್ಸ್ ಕೆಲಸ ನೋಡಿಕೊಳ್ಳುತ್ತೇನೆ. ಊಟದ ಹೊತ್ತಿಗೆ ಕಾರಿನ ಹತ್ತಿರ ಹೋದಾಗಲೆಲ್ಲ ಬಾಗಿಲು ತೆರೆದು, ಒಳಗೆ ಕೂರದೆ, ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೇನೆ. ಬಿಸಿ ಗಾಳಿ ಹೋಗಲಿ ಎಂದು ನಿಂತಿದ್ದಾಳೆ ಅಂತ ನೋಡಿದವರು ತಿಳಿಯುತ್ತಾರೆ. ಅದೂ ಸುಳ್ಳಲ್ಲ. ಆದರೆ ಆ ವಾಸನೆಯ ಅಡಿಯಲ್ಲಿ ನನಗೆ ಬೇಕಾದದ್ದು ಒಂದಿದೆ, ಬಿಸಿಲಿಗೆ ಕಾದ ಕ್ಯಾಸೆಟ್ಟಿನದು. ನನ್ನ ಕಾರಿನಲ್ಲಿ ಕ್ಯಾಸೆಟ್ಟೂ ಇಲ್ಲ, ಅದನ್ನು ಹಾಕುವ ಕಿಂಡಿಯೂ ಇಲ್ಲ. ಆದರೂ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಆ ಮನೆ, ಪಪ್ಪನ ಹಳೆಯ ಬಿಳಿ ಕಾರು, ಅದ್ರಾಮ ಕಾಕ, ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕದಲ್ಲಿ ನಿಲ್ಲುತ್ತಾರೆ. ಊಟದ ಸಮಯ ಮುಗಿಯುತ್ತಾ ಬರುತ್ತದೆ, ನಾನು ಡಬ್ಬಿ ತೆಗೆದುಕೊಂಡು ಒಳಗೆ ಹೋಗುತ್ತೇನೆ.

ಮನೆ ಎಂದೆ. ಆದರೆ ಅದು ನಮ್ಮದಾಗಿರಲಿಲ್ಲ. ಬಾಡಿಗೆ ಮನೆಯಲ್ಲೇ ಬೆಳೆದು ದೊಡ್ಡವರಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಫಿನಲ್ಲಿ ನಾವು ನಮ್ಮನೆ ಎಂದು ಕರೆದದ್ದೆಲ್ಲ ಯಾರದೋ ವೀಸಾದ ಬಾಲ ಹಿಡಿದುಕೊಂಡೇ ಇರುತ್ತದೆ, ದೊಡ್ಡವರು ಅದನ್ನು ಮಕ್ಕಳಿಗೆ ಹೇಳುವುದಿಲ್ಲ ಅಷ್ಟೆ. ಫ್ಲ್ಯಾಟು ಇದ್ದದ್ದು ಅದ್ರಾಮ ಕಾಕನ ಹೆಸರಿನಲ್ಲಿ. ಅವರು ಉಳ್ಳಾಲದ ಕಡೆಯ ಬ್ಯಾರಿ. ಕಾಪುವಿನಿಂದ ಹೊಸದಾಗಿ ಬಂದಿದ್ದ ಪಪ್ಪ, ಕಾಕನ ಬಾಯಲ್ಲಿ ಜಯ, ಮದುವೆಗೆ ಮುಂಚೆ ಅವರ ಹಾಲಿನಲ್ಲಿ ಚಾಪೆ ಹಾಕಿ ಮಲಗುತ್ತಿದ್ದರು. ಅಮ್ಮ ಬಂದಾಗ ಕಾಕ ತಮ್ಮ ದೊಡ್ಡ ಕೋಣೆ ಬಿಟ್ಟುಕೊಟ್ಟು ಸಣ್ಣದಕ್ಕೆ ಹೋದರು, ‘ನನಗೆ ಒಂದು ಮಂಚ ಸಾಕು ಮಾರಾಯ’ ಎಂದರಂತೆ. ಅವರ ಹೆಂಡತಿ ಒಮ್ಮೆ ಬಂದು, ಲಿಫ್ಟಿನಲ್ಲಿ ತಲೆ ತಿರುಗುತ್ತದೆ ಎಂದು ಹೇಳಿ, ಮತ್ತೆ ಬರಲಿಲ್ಲ. ಹಾಗೆ ನಾವು ನಾಲ್ವರು. ಅಡುಗೆಮನೆ ಒಂದೇ. ಶುಕ್ರವಾರ ಬೆಳಿಗ್ಗೆ ಕಾಕ ಮೀನಾ ಮಾರ್ಕೆಟ್ಟಿನಿಂದ ಬಂಗುಡೆ ತರುತ್ತಿದ್ದರು, ಅಮ್ಮ ಎಣ್ಣೆಯಲ್ಲಿ ಕಾಯಿಸುತ್ತಿದ್ದಳು; ಸೋಮವಾರ ಅಮ್ಮನಿಗೆ ಮೀನು ಇಲ್ಲ, ಹಾಗಾಗಿ ಕಾಕನೂ ಗೊಣಗಿಕೊಂಡು ತೊವ್ವೆ ಉಣ್ಣುತ್ತಿದ್ದರು. ಗುರುವಾರ ಸಂಜೆ ಅವರು ಕೆಂಡಕ್ಕೆ ಬಖೂರ್ ಹಾಕಿ ಕೋಣೆ ಕೋಣೆಗೆ ಹೊಗೆ ಹಿಡಿಯುವಾಗ ನಮ್ಮ ದೇವರ ಪಟದ ಮುಂದೆಯೂ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು. ಮೂವರೂ ಆಡುತ್ತಿದ್ದದ್ದು ತುಳು, ನನ್ನದು ಅರ್ಧ ತುಳು ಅರ್ಧ ಇಂಗ್ಲಿಷು. ಇಲ್ಲಿ ಅವರ ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ತಂದು ಬರೆದಿದ್ದೇನೆ. ರುಚಿ ಸ್ವಲ್ಪ ಕಡಿಮೆಯಾಗಿರಬಹುದು.

ಕಾಕನ ಕ್ಯಾಸೆಟ್ ಅಂಗಡಿ ಎರಡು ಗಲ್ಲಿ ಆಚೆ, ಒಂದು ಟೈಲರ್ ಅಂಗಡಿಗೂ ಜ್ಯೂಸ್ ಅಂಗಡಿಗೂ ನಡುವೆ ಇತ್ತು. ನಾನು ಹುಟ್ಟುವ ಮೊದಲು ಜೋರಾಗಿ ನಡೆದ ಅಂಗಡಿಯಂತೆ. ರಜೆಗೆ ಊರಿಗೆ ಹೊರಟವರು ಪೆಟ್ಟಿಗೆ ಕಟ್ಟುವ ಮುಂಚೆ ಅಲ್ಲಿಗೆ ಬಂದು ಹಿಂದಿ ಹಾಡೋ, ಮಾಪಿಳ್ಳೆ ಹಾಡೋ, ಯಕ್ಷಗಾನವೋ ಬೇಕಾದದ್ದು ಹೇಳಿ ಹೋಗುತ್ತಿದ್ದರು, ಕಾಕ ಕ್ಯಾಸೆಟ್ಟಿಗೆ ತುಂಬಿಸಿ ಇಡುತ್ತಿದ್ದರು. ತುಂಬಿಸುವುದು ಎಂದೇ ಅವರ ಮಾತು, ಡಬ್ಬಿಗೆ ಸಕ್ಕರೆ ತುಂಬಿಸಿದ ಹಾಗೆ. ಮೂಲ ರೆಕಾರ್ಡು ಸವೆಯಬಾರದೆಂದು ಅದನ್ನು ಒಂದೇ ಸಲ ಓಡಿಸಿ ಒಂದು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು ಅವರ ಕ್ರಮ. ಅದಕ್ಕೆ ತಾಯಿ ಟೇಪು ಎಂದು ಹೆಸರು. ಗಿರಾಕಿಗಳಿಗೆ ಹೋಗುವುದೆಲ್ಲ ತಾಯಿ ಟೇಪಿನಿಂದ ತೆಗೆದ ನಕಲು. ಹಾಗಾಗಿ ತಾಯಿ ಟೇಪಿನಲ್ಲಿ ಒಂದು ಕೆಮ್ಮು ಸೇರಿಕೊಂಡಿದ್ದರೆ ಆ ಕೆಮ್ಮು ಉಡುಪಿಗೂ ಹೋಗುತ್ತಿತ್ತು, ಕಾಸರಗೋಡಿಗೂ ಹೋಗುತ್ತಿತ್ತು. ಆಚೀಚೆಯ ಅಂಗಡಿಯವರು ಟೇಪು ಮುಗಿಯುತ್ತಾ ಬಂದರೆ ಹಾಡನ್ನು ಅರ್ಧಕ್ಕೇ ಕತ್ತರಿಸುತ್ತಿದ್ದರಂತೆ. ಕಾಕ ಕತ್ತರಿಸುವವರಲ್ಲ. ‘ನಮ್ಮಲ್ಲಿ ಹಾಡು ಪೂರ್ತಿ’ ಎಂದು ಗಲ್ಲಾದ ಮೇಲೆ ಬೋರ್ಡು ಬರೆಸಿ ಹಾಕಿದ್ದರು. ನಾನು ನೋಡುವ ಕಾಲಕ್ಕೆ ಅಕ್ಷರಗಳು ಮಾಸಿದ್ದವು, ಕಾಕನ ಹೆಮ್ಮೆ ಮಾತ್ರ ಹೊಸದರಂತೆಯೇ ಇತ್ತು.

ಈಗ ಕ್ರಾಪಿನವನ ವಿಷಯ. ಅವನು ರಾಕ್ ಅಂಡ್ ರೋಲ್ ಶುರುವಾದ ಕಾಲದ ಅಮೆರಿಕದ ಹಾಡುಗಾರ. ಒಂದು ಕಾಲದಲ್ಲಿ ಹೈಸ್ಕೂಲು ಹುಡುಗಿಯರು ಅವನನ್ನು ಕಂಡರೆ ಅಳುತ್ತಿದ್ದರಂತೆ, ಅವನ ಚಿತ್ರ ದಿಂಬಿನಡಿ ಇಟ್ಟು ಮಲಗುತ್ತಿದ್ದರಂತೆ. ನಮ್ಮ ಮನೆಯಲ್ಲಿ ಯಾರೂ ಅವನ ಹೆಸರು ಹಿಡಿದು ಕರೆದವರಲ್ಲ. ಎಣ್ಣೆ ಹಾಕಿ ಮೇಲಕ್ಕೆ ಬಾಚಿದ ತಲೆಗೂದಲು ನೋಡಿ ಕಾಕ ಇಟ್ಟ ಹೆಸರು ಕ್ರಾಪಿನವ, ಅದೇ ನಿಂತಿತು. ಅವನ ಹೆಸರಾಂತ ರೆಕಾರ್ಡುಗಳೆಲ್ಲ ಅಂಗಡಿಯಲ್ಲಿ ಗಿರಾಕಿಗಳು ಎತ್ತಿ ಎತ್ತಿ ನೋಡಿ ಗೀರು ಬಿದ್ದು ಹಾಳಾಗಿದ್ದವು. ಉಳಿದದ್ದು ಯಾರಿಗೂ ಬೇಡವಾದ ಒಂದು, ಊರಿಗೆ ಹೊರಟ ಯಾರೋ ಇಂಗ್ಲಿಷಿನವರು ಒಂದು ಡಬ್ಬಿಯ ತುಂಬ ಬಿಟ್ಟುಹೋದವುಗಳಲ್ಲಿ ಬಂದದ್ದು. ಆ ಎಲ್‌ಪಿಯ ಕವರಿನಲ್ಲಿ ಕ್ರಾಪು ಇಳಿದಿತ್ತು. ಅವನು ಸ್ವೆಟರ್ ಹಾಕಿ ಮರದ ಬೇಲಿಯ ಮೇಲೆ ಕೂತಿದ್ದ, ಅಳುವ ಹುಡುಗಿಯರೆಲ್ಲ ಮದುವೆಯಾಗಿ ಹೋದ ಮೇಲೆ ತೆಗೆದ ಫೋಟೋ ಇರಬೇಕು. ಒಳಗಿನ ಹಾಡುಗಳೂ ಹಾಗೆಯೇ, ಡ್ರಮ್ಮಿನ ಗಲಾಟೆ ಇಲ್ಲ, ಕುಣಿತ ಇಲ್ಲ, ರೈಲು, ಮಳೆ, ಬರೆಯದೆ ಉಳಿದ ಕಾಗದ. ಅದು ಅಲ್ಲಿಯೂ ಮಾರಾಟವಾಗಲಿಲ್ಲವಂತೆ, ಇಲ್ಲಿಯೂ ಆಗಲಿಲ್ಲ. ಪಪ್ಪ ಮೊದಲ ಸಂಬಳದಲ್ಲಿ ಟೇಪ್ ರೆಕಾರ್ಡರ್ ಕೊಂಡಾಗ ಕಾಕ ಅದರ ಒಂದು ನಕಲನ್ನು ಪುಕ್ಕಟೆಯಾಗಿ ಕೊಟ್ಟರು. ಪುಕ್ಕಟೆ ಸಿಕ್ಕಿದ್ದನ್ನು ಪಪ್ಪ ವರ್ಷಗಟ್ಟಲೆ ಕೇಳಿದರು. ಮೊದಲು ಅರ್ಥವಾಗದೆ, ಆಮೇಲೆ ಸ್ವಲ್ಪ ಸ್ವಲ್ಪ ಅರ್ಥವಾಗಿ, ಕೊನೆಗೆ ಬಿಡಲಾರದೆ.

ಎರಡನೇ ಬದಿಯ ಕೊನೆಯ ಹಾಡಿನಲ್ಲಿ ಒಬ್ಬ ಬಹಳ ವರ್ಷದ ಮೇಲೆ ಊರಿಗೆ ಹೋಗುತ್ತಾನೆ. ರೈಲು ಇಳಿಯುತ್ತಾನೆ, ನಡೆಯುತ್ತಾನೆ, ಮನೆಯಲ್ಲಿ ದೀಪ ಉರಿಯುವುದು ಕಾಣುತ್ತದೆ. ಅವನು ಬಾಗಿಲು ತಟ್ಟುತ್ತಾನೆ. ಒಳಗೆ ಹೆಜ್ಜೆ ಸಪ್ಪಳ ಕೇಳುತ್ತದೆ. ಆಗ, ಎಂದು ಕ್ರಾಪಿನವ ಸ್ವರ ಎತ್ತುತ್ತಾನೆ, ಅಷ್ಟರಲ್ಲಿ ಟಕ್. ಹಾಡು ನಿಂತಿತು. ರೆಕಾರ್ಡರಿನ ಬಟನ್ ಒತ್ತಿದ ಸದ್ದು, ಆಮೇಲೆ ಖಾಲಿ ಟೇಪಿನ ಸುಯ್ ಎನ್ನುವ ಸದ್ದು. ಶಾಲೆಗೆ ಬಿಡುವಾಗ, ಶುಕ್ರವಾರ ಕಡಲ ದಡದ ಕಾರ್ನಿಶಿಗೆ ಹೋಗುವಾಗ, ಪಪ್ಪನ ಕಾರಿನಲ್ಲಿ ನಾವು ಈ ಹಾಡನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇವೆ. ಆ ಜಾಗ ಬಂದಾಗ ಕಾರಿನಲ್ಲಿದ್ದವರೆಲ್ಲ ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಟಕ್ ಎನ್ನಬೇಕು. ಅದು ನಮ್ಮ ಮನೆಯ ನಿಯಮ, ಯಾರು ಮಾಡಿದ್ದೋ ಗೊತ್ತಿಲ್ಲ. ಕಾಕ ಮುಂದಿನ ಸೀಟಿನಲ್ಲಿದ್ದರೆ ಅವರು ಮಾತ್ರ ಅನ್ನುತ್ತಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದರು. ಅಮ್ಮನೂ ಅನ್ನುತ್ತಿರಲಿಲ್ಲ. ಅವಳಿಗೆ ಇಂಗ್ಲಿಷ್ ಹಾಡು ಎಂದರೆ ತಲೆನೋವು. ‘ಎಂತದು ಅವನ ರಾಗ, ಹಲ್ಲು ನೋವು ಬಂದವರ ಹಾಗೆ,’ ಎನ್ನುತ್ತಿದ್ದಳು.

ಬಾಗಿಲು ಯಾರು ತೆಗೆದರು ಎಂದು ಪಪ್ಪನಿಗೆ ಗೊತ್ತಾಗಬೇಕಿತ್ತು. ಇದೊಂದು ಸಣ್ಣ ಆಸೆ. ಆದರೆ ಎರಡು ವರ್ಷಕ್ಕೊಮ್ಮೆ ಊರಿನ ಬಾಗಿಲು ತಟ್ಟುವ ಮನುಷ್ಯನಿಗೆ ಅದು ಸಣ್ಣದಾಗಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ವಾರಕ್ಕೊಮ್ಮೆಯಾದರೂ ಅವರು ಕಾಕನನ್ನು ಹಿಡಿದುಕೊಳ್ಳುತ್ತಿದ್ದರು. ‘ಮಸೀದಿಯಲ್ಲಿ ಬಾಂಗ್ ಆಯ್ತು, ನೀವು ಬಟನ್ ಒತ್ತಿ, ಶಟರ್ ಎಳೆದು ನಮಾಜಿಗೆ ಹೋದ್ರಿ. ಅಲ್ಲಿಗೆ ನನ್ನ ಹಾಡು ಖಲಾಸ್. ಹೌದಾ ಅಲ್ವಾ ಹೇಳಿ,’ ಎನ್ನುತ್ತಿದ್ದರು. ಕಾಕ ಚಹಾದ ಲೋಟ ಕೆಳಗಿಟ್ಟು, ‘ಬಾಂಗಿಗೂ ಹಾಡಿಗೂ ಎಂತ ಸಂಬಂಧ? ಹಾಡು ಇರುವುದೇ ಅಷ್ಟು. ಅದ್ರಾಮ ಹಾಡು ಕತ್ತರಿಸಿ ಮಾರಿದವ ಅಲ್ಲ,’ ಎನ್ನುತ್ತಿದ್ದರು. ‘ಆಗ ಅಂತ ಹೇಳಿ ಯಾರಾದ್ರೂ ಹಾಡು ಮುಗಿಸ್ತಾರಾ ಕಾಕ?’ ‘ಅವ ಮುಗಿಸಿದ್ದಾನೆ. ಅವನನ್ನೇ ಕೇಳು.’ ಮೊದಲು ಇದೊಂದು ತಮಾಷೆಯಾಗಿತ್ತು. ಆದರೆ ಅಂಗಡಿಗೆ ಗಿರಾಕಿ ಕಡಿಮೆಯಾದ ಹಾಗೆ ಕಾಕನ ಉತ್ತರದಲ್ಲಿ ನಗು ಕಡಿಮೆಯಾಗುತ್ತಾ ಬಂತು. ಎಲ್‌ಪಿ ಅವರ ಹಾಸಿಗೆಯ ಅಡಿಯಲ್ಲೇ ಇತ್ತು, ಅದನ್ನು ಹಾಕುವ ಯಂತ್ರ ಕೆಟ್ಟು ಎಷ್ಟೋ ವರ್ಷವಾಗಿತ್ತು. ನಾನು ಮನೆಯ ಲ್ಯಾಪ್‌ಟಾಪಿನಲ್ಲಿ ಹುಡುಕಿ ನೋಡಿದೆ. ಕ್ರಾಪಿನವನ ಕುಣಿತದ ಹಾಡೆಲ್ಲ ಸಿಕ್ಕಿತು, ಈ ಆಲ್ಬಮ್ಮು ಯಾರೂ ಹಾಕಿರಲಿಲ್ಲ. ‘ನೋಬಡಿ ಇವನ್ ನೋಸ್ ಇಟ್, ಪಪ್ಪಾ,’ ಎಂದೆ. ‘ನಮಗೆ ಗೊತ್ತುಂಟಲ್ಲ,’ ಎಂದರು ಪಪ್ಪ.

ನಾನು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಕಾಕನ ಅಂಗಡಿಯಲ್ಲಿ ಕ್ಯಾಸೆಟ್ಟು ಒಂದು ಗೋಡೆಗೆ ಬಂದು ನಿಂತಿತ್ತು, ಉಳಿದ ಜಾಗದಲ್ಲೆಲ್ಲ ಮೊಬೈಲ್ ಕವರು, ಚಾರ್ಜರು. ಆಮೇಲೆ ಆ ಗೋಡೆಯೂ ಹೋಯಿತು. ಒಂದು ದಿನ ಅಂಗಡಿಯ ಕಟ್ಟಡವನ್ನೇ ಕೆಡವುತ್ತೇವೆ ಎಂದು ಮಾಲೀಕರ ಕಡೆಯಿಂದ ಮಾತು ಬಂತು. ಅಂಗಡಿ ಇಲ್ಲದೆ ಕಾಕನಿಗೆ ವೀಸಾ ಇಲ್ಲ, ಕಾಕ ಇಲ್ಲದೆ ನಮಗೆ ಆ ಫ್ಲ್ಯಾಟು ಇಲ್ಲ. ಇದನ್ನು ಯಾರೂ ನನಗೆ ಕೂರಿಸಿ ಹೇಳಲಿಲ್ಲ. ಅಮ್ಮ ಉಪ್ಪಿನಕಾಯಿ ಹೊಸದಾಗಿ ಹಾಕುವುದನ್ನು ನಿಲ್ಲಿಸಿದಳು, ಅದರಿಂದ ತಿಳಿದೆ. ಕಾಕ ಹಳೆಯ ಬೋರ್ಡನ್ನು ಅಂಗಡಿಯಿಂದ ಬಿಚ್ಚಿ ತಂದು ತಮ್ಮ ಕೋಣೆಯಲ್ಲಿ ಗೋಡೆಗೆ ತಿರುಗಿಸಿ ಇಟ್ಟರು. ಊರಿಗೆ ಒಯ್ಯುತ್ತೀರಾ ಎಂದು ಕೇಳಿದ್ದಕ್ಕೆ, ‘ಒಯ್ದು ಎಂತ ಮಾಡುದು ಬಾಲೆ, ಬಾಗಿಲಿಗೆ ಅಡ್ಡ ಇಡ್ಲಿಕ್ಕಾ?’ ಎಂದರು. ಬಾಲೆ ಎಂದರೆ ತುಳುವಿನಲ್ಲಿ ಮಗು. ನಾನು ಎಷ್ಟು ಉದ್ದವಾದರೂ ಅವರಿಗೆ ಬಾಲೆಯೇ.

ಆ ದಿನಗಳಲ್ಲಿ ಪಪ್ಪ ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದರು. ದೇಶ ಬಿಟ್ಟು ಹೋಗುವ ಬಾಡಿಗೆದಾರರು ಬೇಡದ್ದನ್ನೆಲ್ಲ ಮಹಡಿಯ ಕಸದ ಕೋಣೆಯ ಹತ್ತಿರ ಇಟ್ಟು ಹೋಗುವುದು ಅಲ್ಲಿ ದಿನನಿತ್ಯದ ಸಂಗತಿ. ನಮ್ಮ ಮನೆಯ ಇಸ್ತ್ರಿ ಮೇಜೂ ನನ್ನ ಸೈಕಲ್ಲೂ ಹಾಗೇ ಬಂದದ್ದು. ಒಂದು ಗುರುವಾರ ಸಂಜೆ ಪಪ್ಪ ದೊಡ್ಡ ಸೂಟ್‌ಕೇಸಿನಂಥದ್ದನ್ನು ಎದೆಗವಚಿಕೊಂಡು ಬಂದರು. ತೆರೆದರೆ ರೆಕಾರ್ಡ್ ಪ್ಲೇಯರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿದ್ದು ನೆನಪಿಲ್ಲ. ‘ನಾಳೆ ಜುಮ್ಮಾ ಮುಗಿಸಿ ಬನ್ನಿ ಕಾಕ, ಊಟ ಮಾಡುವಾ, ಆಮೇಲೆ ನಿಮ್ಮ ಕ್ರಾಪಿನವನನ್ನೇ ಕೇಳುವಾ,’ ಎಂದರು. ಕಾಕ ಯಂತ್ರವನ್ನು ನೋಡಿದರು, ಸೂಜಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ‘ಸೂಜಿ ಒಳ್ಳೆದುಂಟು,’ ಎಂದು ಹೇಳಿ ಕೋಣೆಗೆ ಹೋದರು. ಆ ಗುರುವಾರ ಬಖೂರ್ ಹಾಕಲಿಲ್ಲ.

ಮರುದಿನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಕಾಕ ಸರಿಯಾಗಿ ಉಣ್ಣಲಿಲ್ಲ. ಊಟವಾದ ಮೇಲೆ ಹಾಸಿಗೆಯಡಿಯಿಂದ ಎಲ್‌ಪಿ ತಂದು ತಾವೇ ಒರೆಸಿ, ಎರಡೂ ಅಂಗೈಗಳ ನಡುವೆ ಅಂಚು ಹಿಡಿದು ತಟ್ಟೆಯ ಮೇಲಿಟ್ಟರು. ಅಷ್ಟು ವರ್ಷ ಮಾಡಿದ ಕೆಲಸ, ಕೈ ಮರೆತಿರಲಿಲ್ಲ. ಆಮೇಲೆ ನಮಾಜಿನ ಟೊಪ್ಪಿ ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತರು. ಪಪ್ಪ ನೆಲದ ಮೇಲೆ, ಯಂತ್ರದ ಪಕ್ಕ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸುತ್ತಾ ನಿಂತಿದ್ದಳು. ಕ್ಯಾಸೆಟ್ಟಿನಲ್ಲಿ ಕೇಳದ ಎಷ್ಟೋ ಸಣ್ಣ ಸದ್ದುಗಳು ಈಗ ಕೇಳುತ್ತಿದ್ದವು, ಹಾಡುವ ಮೊದಲು ಕ್ರಾಪಿನವ ಉಸಿರು ಎಳೆದುಕೊಳ್ಳುವುದು ಕೂಡ. ಒಂದೊಂದೇ ಹಾಡು ಮುಗಿದು ಕೊನೆಯದು ಬಂತು. ರೈಲು ಇಳಿದ, ನಡೆದ, ದೀಪ ಕಂಡಿತು. ಪಪ್ಪ ತಲೆ ಎತ್ತಿ ಕಾಕನನ್ನು ನೋಡಿದರು, ಗೆದ್ದೆ ಎಂಬ ನಗು ಹೊತ್ತೇ ನೋಡಿದ್ದು. ಕಾಕ ಅವರನ್ನು ನೋಡುತ್ತಿರಲಿಲ್ಲ. ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು ನೆಲ ನೋಡುತ್ತಿದ್ದರು, ಪ್ರಿನ್ಸಿಪಾಲರ ಕೋಣೆಯ ಹೊರಗೆ ಕೂತ ಹುಡುಗನಂತೆ. ಅಂಗಡಿ ಹೋಗಿತ್ತು, ಮನೆ ಹೋಗಲಿತ್ತು, ಊರಿಗೆ ಒಯ್ಯಲು ಅವರಿಗೆ ಉಳಿದದ್ದು ಆ ಒಂದು ಮಾತು, ಹಾಡು ಕತ್ತರಿಸಿ ಮಾರಿದವನಲ್ಲ ಎಂಬುದು. ಅದೂ ಇನ್ನೊಂದು ಗಳಿಗೆಯಲ್ಲಿ ಹೋಗಲಿತ್ತು. ಪಪ್ಪನ ನಗು ಇಳಿಯಿತು. ಕ್ರಾಪಿನವ ಬಾಗಿಲು ತಟ್ಟಿದ, ಒಳಗೆ ಹೆಜ್ಜೆ ಸಪ್ಪಳವಾಯಿತು, ಆಗ, ಎಂದ. ಪಪ್ಪ ಕೈ ಚಾಚಿ ಸೂಜಿ ಎತ್ತಿಬಿಟ್ಟರು.

‘ನೋಡಿ,’ ಎಂದರು ಪಪ್ಪ. ಅವರ ದನಿ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ‘ಅಲ್ಲಿಗೇ ಮುಗೀತು. ನೀವು ಹೇಳಿದ್ದೇ ಸರಿ ಕಾಕ. ನಾನು ಇಷ್ಟು ವರ್ಷ ಸುಮ್ಮನೆ ನಿಮ್ಮ ತಲೆ ತಿಂದೆ.’ ರೆಕಾರ್ಡಿನಲ್ಲಿ ಇನ್ನೂ ಒಂದು ಬೆರಳಗಲ ಗೆರೆಗಳು ಉಳಿದಿದ್ದವು, ಕೂತಲ್ಲಿಂದಲೇ ನನಗೆ ಕಾಣುತ್ತಿತ್ತು. ‘ಬಟ್ ಪಪ್ಪಾ, ದೇರ್ಸ್ ಸ್ಟಿಲ್,’ ಎಂದು ಶುರುಮಾಡಿದ್ದೆ, ಅಮ್ಮ ಚಹಾಕ್ಕೆ ನೀರಿಡು ಎಂದು ನನ್ನನ್ನು ಒಳಗೆ ಕರೆದಳು. ನೀರು ಕುದಿಯುವ ಹೊತ್ತಿಗೆ ಕಾಕ, ‘ನಾನು ಹೇಳ್ಲಿಲ್ವಾ,’ ಎಂದದ್ದು ಅಡುಗೆಮನೆಗೆ ಕೇಳಿಸಿತು. ಚಹಾ ಒಯ್ದಾಗ ಇಬ್ಬರೂ ಆ ವರ್ಷದ ಮಾವಿನಕಾಯಿಯ ಬಗ್ಗೆ ಮಾತಾಡುತ್ತಿದ್ದರು. ಎಷ್ಟೋ ವರ್ಷ ಕಾದಿದ್ದನ್ನು ಪಪ್ಪ ಯಾಕೆ ಹಾಗೆ ಬಿಟ್ಟರು ಎಂದು ನನಗೆ ಆಗ ಸಿಟ್ಟೇ ಬಂದಿತ್ತು.

ಕಾಕ ಹೊರಟ ದಿನ ನಾವೆಲ್ಲ ಅದೇ ಬಿಳಿ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋದೆವು. ಯಾರೂ ಕ್ಯಾಸೆಟ್ ಹಾಕಲಿಲ್ಲ. ಹಗ್ಗ ಬಿಗಿದ ಪೆಟ್ಟಿಗೆಗಳನ್ನು ಗಾಡಿಗೆ ಏರಿಸಿದ ಮೇಲೆ ಕಾಕ ಕಂಕುಳಲ್ಲಿದ್ದ, ಪತ್ರಿಕೆಯಲ್ಲಿ ಸುತ್ತಿದ ಕಟ್ಟೊಂದನ್ನು ಪಪ್ಪನ ಕೈಗೆ ಕೊಟ್ಟರು. ಬೇಲಿಯ ಮೇಲೆ ಕೂತ ಕ್ರಾಪಿನವ ಒಳಗಿದ್ದ. ‘ಹಾಡು ಪೂರ್ತಿ ಉಂಟು ಜಯ, ಇದ್ರಲ್ಲಿ,’ ಎಂದರು ಕಾಕ. ‘ಬೇಕಾದ್ರೆ ಕೇಳು. ಕೇಳ್ಲೇಬೇಕು ಅಂತ ಇಲ್ಲ.’ ಕಾಕ ನನ್ನ ತಲೆಯ ಮೇಲೆ ಕೈ ಇಟ್ಟು, ಅಮ್ಮನಿಗೆ ‘ಬರ್ತೇನೆ ಮಗಳೇ’ ಎಂದು ಹೇಳಿ, ಹಿಂದೆ ತಿರುಗದೆ ಒಳಗೆ ಹೋದರು. ತಿಂಗಳೊಳಗೆ ನಾವು ಮುಸಫ್ಫಾದ ಕಡೆ ಒಂದೇ ಕೋಣೆಯ ಮನೆಗೆ ಹೋದೆವು. ಅಲ್ಲಿ ರೆಕಾರ್ಡ್ ಪ್ಲೇಯರಿಗೆ ಜಾಗ ಇರಲಿಲ್ಲ, ಪಪ್ಪ ಅದನ್ನು ಹಳೆಯ ಕಟ್ಟಡದ ಕಸದ ಕೋಣೆಯ ಹತ್ತಿರ ಇಟ್ಟು ಬಂದರು. ಎಲ್‌ಪಿ ಮಾತ್ರ ನಮ್ಮ ಜೊತೆ ಬಂತು, ಅಲ್ಲಿಂದ ಸುರತ್ಕಲ್ಲಿಗೂ ಹೋಯಿತು. ಈಗ ಪಪ್ಪ ಅಲ್ಲಿ ಒಂದು ಅಪಾರ್ಟ್‌ಮೆಂಟಿನ ಪಂಪು, ಲಿಫ್ಟು, ಜನರೇಟರು ನೋಡಿಕೊಳ್ಳುತ್ತಾರೆ. ನಾನು ಕೆಲಸಕ್ಕೆಂದು ಮತ್ತೆ ಈ ದೇಶಕ್ಕೇ ಬಂದೆ. ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಈಗ ಬೋರ್ಡುಗಳಲ್ಲಿ ಬೇರೆ ಹೆಸರು. ನಮ್ಮ ಕಟ್ಟಡ ಇದೆ, ಬಾಲ್ಕನಿಯಲ್ಲಿ ಬೇರೆ ಯಾರದೋ ಬಟ್ಟೆ ಒಣಗುತ್ತದೆ. ಕಾಕನ ಅಂಗಡಿಯ ಜಾಗದಲ್ಲಿ ಪಾರ್ಕಿಂಗ್.

ಕಳೆದ ವರ್ಷ ಯಾರೋ ಪುಣ್ಯಾತ್ಮರು ಆ ಆಲ್ಬಮ್ಮನ್ನು ಇಂಟರ್‌ನೆಟ್ಟಿಗೆ ಹಾಕಿದರು. ನಾನು ಕೂಡಲೇ ಪಪ್ಪನಿಗೆ ಫೋನು ಮಾಡಿದೆ. ‘ಕಾಕ ಇರುವಷ್ಟು ದಿನ ಬೇಡ ಮಗಾ,’ ಎಂದರು. ಅವರು ಕೇಳದ ಮೇಲೆ ನಾನೂ ಕೇಳಲಿಲ್ಲ. ಈ ಮೇ ತಿಂಗಳಲ್ಲಿ ಕಾಕ ತೀರಿಕೊಂಡರು. ಪಪ್ಪ ಉಳ್ಳಾಲಕ್ಕೆ ಹೋಗಿ ಮಣ್ಣು ಕೊಟ್ಟು ಬಂದರು. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ‘ಆ ಹಾಡು ಇನ್ನೂ ಉಂಟಾ? ಹಾಕು.’

ಲ್ಯಾಪ್‌ಟಾಪಿನ ಮುಂದೆ ಫೋನು ಹಿಡಿದೆ. ರೈಲು, ನಡಿಗೆ, ದೀಪ. ಬಾಗಿಲು ತಟ್ಟಿದ. ಆಗ ಒಬ್ಬ ಅಪರಿಚಿತ ಬಾಗಿಲು ತೆಗೆದ. ನೀವು ಕೇಳುವವರು ಇಲ್ಲಿಂದ ಹೋಗಿ ಬಹಳ ಕಾಲವಾಯಿತು, ಒಳಗೆ ಬಂದು ಕೂರಿ, ಎಂದ. ಬೇಡ, ಎಂದು ಹೇಳಿ ಕ್ರಾಪಿನವ ಬಂದ ದಾರಿಯಲ್ಲೇ ಹೊರಟ, ಸಿಳ್ಳೆ ಹಾಕಿಕೊಂಡು. ಸಿಳ್ಳೆ ಸಣ್ಣದಾಗುತ್ತಾ ಹೋಗಿ ಹಾಡು ಮುಗಿಯಿತು. ಆಮೇಲೆ ಪಪ್ಪ, ‘ಕಾಕನಿಗೆ ಇದು ಗೊತ್ತಿತ್ತಾ?’ ಎಂದರು. ಊರಿನಿಂದ ದೂರ ಇದ್ದವರು ಇದನ್ನು ಕೇಳುವುದು ಬೇಡ ಎಂದು ಕಾಕ ಬೇಕೆಂದೇ ನಿಲ್ಲಿಸಿದರೋ, ನಿಜವಾಗಿಯೂ ಬಾಂಗ್ ಆಗಿತ್ತೋ, ನನಗೇನು ಗೊತ್ತು. ‘ಬಾಂಗ್ ಆದದ್ದೇ ಇರ್ಬೇಕು ಪಪ್ಪಾ,’ ಎಂದೆ. ‘ಇರ್ಬೇಕು,’ ಎಂದರು. ‘ಇನ್ನೊಂದು ಸಲ ಹಾಕು. ಈ ಸಲ ಕಾಕ ನಿಲ್ಲಿಸಿದಲ್ಲಿ ನಿಲ್ಲಿಸು.’

ಮತ್ತೆ ಹಾಕಿದೆ. ಕ್ರಾಪಿನವ ರೈಲು ಇಳಿದು ನಡೆದ, ದೀಪ ಕಂಡ, ಬಾಗಿಲು ತಟ್ಟಿದ. ಒಳಗೆ ಯಾರೋ ಬರುವ ಸಪ್ಪಳ. ಆಗ, ಎಂದ. ನಾನು ನಿಲ್ಲಿಸಿದೆ. ಪಪ್ಪನಿಗೂ ನನಗೂ ನಾಲಿಗೆ ಅಂಗುಳಿಗೆ ಏಳಲಿಲ್ಲ. ಫೋನಿನ ಆಚೆ, ಸುರತ್ಕಲ್ಲಿನ ಅಡುಗೆಮನೆಯಿಂದ, ಯಾವತ್ತೂ ಅನ್ನದಿದ್ದ ಅಮ್ಮ ಟಕ್ ಎಂದಳು.